ಗಿರಿಜೆಯ ಮಲ್ಲಿಗೆಗೆ ನಾನು ನೀರೆರೆದದ್ದು

ಸುಮ್ಮನೆ ಕೂರುವುದು ಸುಲಭವೆಂದು ಹೇಳುವವರು ಅದನ್ನು ಎಂದೂ ಮಾಡಿ ನೋಡಿದವರಲ್ಲ. ಕಣ್ಣು ಬಿಟ್ಟುಕೊಂಡು, ಕೈಕಾಲು ಗಟ್ಟಿಯಿದ್ದೂ, ಒಂದೇ ಕಡೆ ಕೂತಿರಬೇಕೆಂದರೆ ಅದಕ್ಕೆ ಪೂರ್ವಜನ್ಮದ ಪುಣ್ಯ ಬೇಕು. ನನ್ನ ಪಾಲಿಗೆ ಆ ಪುಣ್ಯ ಬರಲಿಲ್ಲ. ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಆಗಿ ಸೀಟಿ ಊದುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಬೆಳಗಿನ ಮೊದಲ ಬಸ್ಸಿಗೆ ಮುಂಚೆ ಮನೆ ಬಿಟ್ಟರೆ ಕೊನೆಯ ಬಸ್ಸು ಬಂದ ಮೇಲೆಯೇ ಊಟ. ಬೈಂದೂರಿನವರು, ಹಾಲಾಡಿಯವರು, ಬ್ರಹ್ಮಾವರದವರು ಎಲ್ಲರೂ ನನ್ನ ಸೀಟಿಗೆ ಹೊರಡುತ್ತಿದ್ದರು. ನಾನು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ನಿವೃತ್ತನಾದ ಮೇಲೆ, ಹೊರಡಿಸುವುದಕ್ಕೆ ನನಗೆ ಉಳಿದವಳು ಹೆಂಡತಿ ಗಿರಿಜೆ ಒಬ್ಬಳೇ.

ಅವಳನ್ನು ಹೊರಡಿಸುವುದು ಬಸ್ಸಿನಷ್ಟು ಸುಲಭವಾಗಿರಲಿಲ್ಲ. ಒಂದು ಬೆಳಿಗ್ಗೆ ಒಲೆಯ ಮುಂದೆ ನಿಂತು, ಮೊದಲ ದೋಸೆ ಇನ್ನೂ ಯಾಕೆ ಏಳಲಿಲ್ಲವೆಂದು ವಿಚಾರಿಸಿದೆ. ಗಿರಿಜೆ ಸಟ್ಟುಗ ಎತ್ತಿ ಹಿಡಿದಳು. "ಹ್ವಾಯ್, ಇದೆಂತ ಬಸ್‌ಸ್ಟ್ಯಾಂಡಾ? ಹಿತ್ಲಿಗೆ ಹೋಯ್ನಿ ಕಾಂಬ. ಎಂತಾರು ನೆಡಿ, ಎಂತಾರು ಕೀಳಿ. ಒಟ್ಟ್ ನನ್ ಕಣ್ಣೆದ್ರಿಗೆ ತಿರ್ಗ್‌ಬೇಡಿ."

ಹೀಗೆ ನಾನು ತೋಟಗಾರನಾದೆ. ಬೆಂಡೆ ಬೀಜ ಹಾಕಿದೆ, ಅಲಸಂಡೆ ಹಾಕಿದೆ. ಹಾಕಿದ ಮರುದಿನವೇ ಮೊಳಕೆ ಬಂತೋ ಎಂದು ಕೆದಕಿ ನೋಡಿದೆ, ಬಂದಿರಲಿಲ್ಲ. ಸಂಜೆ ಮತ್ತೆ ಕೆದಕಿದೆ. ಬಸ್ಸಾದರೆ ತಡವಾದದ್ದಕ್ಕೆ ಡ್ರೈವರನನ್ನು ಕೇಳಬಹುದು, ಬೆಂಡೆಯನ್ನು ಯಾರ ಹತ್ತಿರ ಕೇಳುವುದು? ನಮ್ಮ ಕರಾವಳಿಯ ಸೆಕೆ ಎಂಥದ್ದೆಂದರೆ ನೆರಳಲ್ಲಿ ನಿಂತವನ ಬನಿಯನ್ನೂ ಹಿಂಡಿ ಒಣಹಾಕಬೇಕು. ನಾನೋ ನಡುಮಧ್ಯಾಹ್ನ ಪಿಕಾಸಿ ಹಿಡಿದವನು. ಬಗ್ಗಿದರೆ ಸೊಂಟ ಏಳಗೊಡುತ್ತಿರಲಿಲ್ಲ, ಎದ್ದರೆ ಕಣ್ಣು ಕತ್ತಲೆ. ಗಿರಿಜೆ ಮಜ್ಜಿಗೆ ತಂದಿಟ್ಟು, "ಈ ಬಿಸ್ಲಗೆ ಕೋಳಿ ಸಾ ಹೊರ್ಗ್ ಬತ್ತಿಲ್ಲೆ" ಎಂದು ಒಳಗೆ ಹೋಗುತ್ತಿದ್ದಳು.

ಬೆಂಡೆ, ಅಲಸಂಡೆ ಎರಡೂ ನನ್ನ ವಿಚಾರಣೆಗೆ ಹೆದರಿ ನೆಲದೊಳಗೇ ಸತ್ತವು. ಆಗ ನನ್ನ ಕಣ್ಣು ಬಿದ್ದದ್ದು ಬಾವಿಕಟ್ಟೆಯ ಬದಿಯ ಮಲ್ಲಿಗೆಯ ಮೇಲೆ. ಗಿರಿಜೆ ಮದುವೆಯಾಗಿ ಬಂದ ವರ್ಷ ತವರಿನಿಂದ ತಂದು ನೆಟ್ಟ ಗಿಡ ಅದು. ಯಾರ ಹಂಗೂ ಇಲ್ಲದೆ ಚೆನ್ನಾಗಿಯೇ ಇತ್ತು, ಚೆನ್ನಾಗಿದ್ದದ್ದೇ ಅದರ ತಪ್ಪು. ಬುಡ ಬಿಡಿಸಿ ಶೇಂಗಾ ಹಿಂಡಿ ಕಲಸಿ ಹೊಯ್ದೆ. ಬೆಳಿಗ್ಗೆ ನೀರು, ಮಧ್ಯಾಹ್ನ ನೀರು, ಸಂಜೆ ನೀರು. ಎಲೆ ಹಳದಿಯಾಯಿತು. ಬಾಯಾರಿಕೆ ಇರಬೇಕೆಂದು ಇನ್ನೂ ಹೊಯ್ದೆ. ಮಳೆ ಹಿಡಿದ ಮೇಲೂ ಕೊಡೆ ಹಿಡಿದುಕೊಂಡು ನೀರು ಹಾಕುತ್ತಿದ್ದವನನ್ನು ಕಂಡು ಪಕ್ಕದ ಮನೆಯವರು ತಮ್ಮ ಗೇಟು ಹಾಕಿಕೊಂಡರು. ಒಂದು ಬೆಳಿಗ್ಗೆ ಗಿಡವನ್ನು ಮುಟ್ಟಿದರೆ ಬುಡಸಮೇತ ಕೈಗೆ ಬಂತು. ಬೇರು ಕೊಳೆತು ಹೋಗಿತ್ತು.

ಗಿರಿಜೆ ಬೈಯಬಹುದಿತ್ತು. ಬೈಯಲಿಲ್ಲ. ಗಿಡವನ್ನು ನನ್ನ ಕೈಯಿಂದ ತೆಗೆದುಕೊಂಡು ಗೊಬ್ಬರಗುಂಡಿಗೆ ಹಾಕಿ ಕೈ ತೊಳೆದು ಒಳಗೆ ಹೋದಳು. ಅಂದಿನಿಂದ ದೋಸೆ ಹೊತ್ತಿಗೆ ಸರಿಯಾಗಿ ಬರತೊಡಗಿತು, ಮಾತು ಮಾತ್ರ ನಿಂತಿತು. ಸಂಜೆ ಅವಳು ಬಾವಿಕಟ್ಟೆಯ ತನಕ ಹೋಗಿ, ಅಲ್ಲಿ ಏನೂ ಇಲ್ಲವೆಂದು ನೆನಪಾಗಿ, ಹಿಂದೆ ಬರುತ್ತಿದ್ದಳು. ಅದನ್ನು ನೋಡಿಕೊಂಡು ಮನೆಯಲ್ಲಿರಲು ನನ್ನಿಂದಾಗಲಿಲ್ಲ.

ಮಳೆ ಬಿಟ್ಟು ಹೊಳವಾದ ಒಂದು ದಿನ ಬಸ್ಸು ಹತ್ತಿ ಬಿಜೂರಿಗೆ ಹೋದೆ. ಅಲ್ಲಿ ಗಿರಿಜೆಯ ಅಕ್ಕ, ನನ್ನ ಅತ್ತಿಗೆ, ತವರುಮನೆಯಲ್ಲೇ ಇದ್ದಾರೆ. ಗಿರಿಜೆಯ ಮಲ್ಲಿಗೆಯ ತಾಯಿಗಿಡ ಇರುವುದೂ ಅವರ ಅಂಗಳದಲ್ಲೇ. ಅದರದೊಂದು ರೆಂಬೆ ತಂದು ನೆಡಿಸಬೇಕೆಂದು ನನ್ನ ಲೆಕ್ಕ. ನಾನು ಹೋದಾಗ ಅತ್ತಿಗೆ ಮಣೆಯ ಮೇಲೆ ಕೂತು ಬಸಳೆಯ ಬುಡಕ್ಕೆ ಮಣ್ಣು ಏರಿಸುತ್ತಿದ್ದರು. ಪಾತಿಗಳನ್ನೆಲ್ಲ ಕೂತಲ್ಲಿಂದ ಕೈಗೆಟುಕುವಷ್ಟು ಎತ್ತರ ಮಾಡಿಸಿದ್ದರು. ನೆರಳು ಸರಿದ ಹಾಗೆ ಮಣೆಯೂ ಸರಿಯುತ್ತಿತ್ತು. ಮೂಡುಬದಿಯ ತೆಂಗು ದಾಟಿ ಬಿಸಿಲು ಬಂದದ್ದೇ ತಡ, ಕೈಯ ಮಣ್ಣು ಕೊಡವಿ ಜಗಲಿಗೆ ಬಂದುಬಿಟ್ಟರು.

"ಒಂದ್ ಮಲ್ಲಿಗಿ ಗೆಲ್ಲ್ ಬೇಕಿತ್ತ್ ಅತ್ಗೆ, ನಮ್ದ್ ಸತ್ತ್ ಹೋಯ್ತ್. ಈಗ್ಳೇ ಕೊಟ್ರೆ ಮುಂದಿನ್ ಬಸ್ಸಿಗೆ ಹೋಪೆ."

"ಈಗ ಕೊಯ್ದ್ರೆ ಬಾಡತ್ತ್ ಭಾವಯ್ಯ. ಹೊತ್ತ್ ಕಂತ್ಲಿ. ಕೂಕಣಿ."

ಇಡೀ ಮಧ್ಯಾಹ್ನ! ಗಂಜಿ ಉಂಡದ್ದಾಯಿತು, ಎಲೆಯಡಿಕೆ ಹಾಕಿದ್ದಾಯಿತು. ರಸ್ತೆಯಲ್ಲಿ ಬಸ್ಸಿನ ಸದ್ದು ಕೇಳಿದಾಗಲೆಲ್ಲ ಎದ್ದು ಅಂಗಳದ ತುದಿಗೆ ಹೋಗಿ, ತಡವಾಗಿದೆ ಎಂದು ಗೊಣಗಿ ಬಂದೆ. ಕೊನೆಗೆ ಅತ್ತಿಗೆ, "ಒಂದ್ ಕಡಿ ಕೂಕಣಿ ಮಾರಾಯ್ರೆ! ನೀವ್ ತಿರ್ಗುದ್ ಕಂಡ್ ನಂಗ್ ತಲಿ ತಿರ್ಗತ್ತ್" ಎಂದರು. ಕೂತೆ.

"ಗಿಡ ಸತ್ತದ್ದಕ್ಕೆ ನನ್ ತಂಗಿ ಎಂತ ಹೇಳ್ತ್?"

"ಎಂತದೂ ಹೇಳ್ಲಿಲ್ಲೆ."

ಅತ್ತಿಗೆ ಎಲೆಯಡಿಕೆಯ ತಟ್ಟೆಯನ್ನು ಬದಿಗೆ ಸರಿಸಿದರು. "ನೀವ್ ಬೆಳಿಗ್ಗೆ ಹೋರೆ ರಾತ್ರಿ ಬಪ್ಪುದ್. ಮಕ್ಳ್ ಇಲ್ಲ್ದ್ ಮನಿ. ನನ್ ತಂಗಿ ಬೈಸಾರಿ ದೀಪದ್ ಹೊತ್ತಿಗೆ ಆ ಗಿಡದ್ ಹತ್ರ ಕೂಕಂಡ್ ಹೂ ಕಟ್ತಾ ಮಾತಾಡ್ತಿತ್ತ್. ನಾನೇ ಕಂಡಿದೆ. ದ್ವಾಸಿ ಹಿಟ್ಟ್ ಹುಳಿ ಬಂದದ್ದ್ ಸಾ ಅದ್ರ ಹತ್ರ ಹೇಳ್ತಿತ್ತ್."

ರಸ್ತೆಯಲ್ಲಿ ಇನ್ನೊಂದು ಬಸ್ಸು ಹೋಯಿತು. ಅದು ಹೊತ್ತಿಗೆ ಸರಿಯಾಗಿ ಹೋಯಿತೋ ತಡವಾಗಿ ಹೋಯಿತೋ, ನನಗೆ ಗೊತ್ತಿಲ್ಲ.

ಹೊತ್ತು ಕಂತುವಾಗ ಅತ್ತಿಗೆ ಬಲಿತ ಗೆಲ್ಲುಗಳನ್ನು ಕೊಯ್ದು, ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟರು. ದಾರಿಯಲ್ಲಿ ಬಸ್ಸಿನೊಳಗೆ ನುಗ್ಗುವ ತ್ರಾಸಿಯ ಕಡಲಗಾಳಿಗೆ ಒಣಗದಿರಲೆಂದು ಕಟ್ಟನ್ನು ಎಳೆಗೂಸಿನ ಹಾಗೆ ಅಂಗಿಯೊಳಗೆ ಹಿಡಿದು ಕೂತೆ. ಮನೆಗೆ ಬಂದು ಗಿರಿಜೆಯ ಮುಂದಿಟ್ಟೆ. ಅವಳು ಗೋಣಿ ಬಿಚ್ಚಿ, ಗೆಲ್ಲುಗಳನ್ನು ಮೂಸಿ, "ಅಕ್ಕ ಹುಷಾರಿತ್ತಾ?" ಎಂದಳು. ಮಾತು ಬಂದಿತ್ತು! ಗೆಲ್ಲುಗಳನ್ನು ಅವಳೇ ನೆಟ್ಟಳು. ನನಗೆ ಒಂದೇ ಅಪ್ಪಣೆ: "ಕಾಣಿ ಅಡ್ಡಿಲ್ಲೆ, ಮುಟ್ಟುಕಿಲ್ಲೆ."

ಗೆಲ್ಲು ಚಿಗುರಿ ಈಗ ಮೊಣಕಾಲೆತ್ತರವಾಗಿದೆ. ಹೂವಿಗೆ ಇನ್ನೂ ಕಾಯಬೇಕು. ಅಲ್ಲಿಯವರೆಗೆ ಅವಳು ಪಕ್ಕದ ಮನೆಯ ಅಬ್ಬಲಿಗೆ ಹೂ ತಂದು ಕಟ್ಟುತ್ತಾಳೆ. ಸಂಜೆ ಜಗಲಿಯಲ್ಲಿ ಎರಡು ಮಣೆ. ಅವಳಿಗೆ ಹೇಳುವುದಕ್ಕೆ ಇಷ್ಟು ವರ್ಷಗಳ ಮಾತು ಬಾಕಿಯಿದೆ. ನನ್ನ ಕೆಲಸ ಕೇಳುವುದು. ಮೊನ್ನೆ ಸ್ವಲ್ಪ ಹೆಮ್ಮೆಯಿಂದಲೇ ಕೇಳಿದೆ: "ಆ ಹಳಿ ಮಲ್ಲಿಗಿಗಿಂತ ನಾನ್ ಅಡ್ಡಿಲ್ಲೆ ಅಲ್ದಾ? ನಾನಾರೆ ಹೂಂ ಅಂತೆ."

ಗಿರಿಜೆ ನೂಲು ಬಿಗಿದು ಗಂಟು ಹಾಕಿದಳು. "ಅದ್ ಹೂಂ ಅಂತಿರ್ಲಿಲ್ಲೆ, ಸೈ. ಆರೆ ನಡೂಕ್ ಎದ್ದ್ ಹೋತಿರ್ಲಿಲ್ಲೆ."

ಇದಕ್ಕೊಂದು ತಕ್ಕ ಉತ್ತರ ಕೊಡೋಣವೆಂದು ನೋಡುತ್ತೇನೆ, ನಾನಾಗಲೇ ಎದ್ದು ಜಗಲಿ ಇಳಿದು ಅಂಗಳದ ನಡುವೆ ನಿಂತಿದ್ದೆ.