ಚಕ್ರಕ್ಕೊಂದು ಚೊಂಬು ನೀರು

ಹೊಸ ವಸ್ತು ಮನೆಗೆ ಬಂದ ದಿನವೇ ಮನೆಯ ನೆಮ್ಮದಿ ಹೊಸ್ತಿಲು ದಾಟುತ್ತದೆ ಎಂದು ನಮ್ಮ ತಾಯಿ ಹೇಳುತ್ತಿದ್ದರು. ಬಹಳ ವರ್ಷ ಆ ಮಾತನ್ನು ಪರೀಕ್ಷಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಮ್ಮ ಮನೆಗೆ ಬರುತ್ತಿದ್ದುದೆಲ್ಲ ಇನ್ನೊಬ್ಬರು ಬಳಸಿ ಬಿಟ್ಟದ್ದೇ. ಆಮೇಲೆ ಒಮ್ಮೆ ನಾಲ್ಕು ಹೊಸ ಚಕ್ರಗಳು ಬಂದವು. ಈಗ ಕಾರು ಕೊಂಡ ಪರಿಚಯದವರು ಯಾರಾದರೂ ಬಂದು, "ಬ್ರೇಕಿನ ಕರಿಪುಡಿ ಚಕ್ರಕ್ಕೆಲ್ಲ ಮೆತ್ತಿಕೊಳ್ಳುತ್ತಲ್ಲ, ಏನು ಮಾಡೋದು?" ಎಂದು ಕೇಳಿದರೆ ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಳ್ಳುತ್ತೇನೆ. ಅವರು ಅದನ್ನು ಅನುಭವಸ್ಥನ ಗಾಂಭೀರ್ಯ ಎಂದುಕೊಳ್ಳುತ್ತಾರೆ. ನಿಜವಾಗಿ ಅದು ನಾಚಿಕೆ, ಮತ್ತು ಅದರ ಕಥೆ ಕೊಂಚ ಉದ್ದವಾದದ್ದು.

ನಾನು ಆಗ ಊರಿಗಾಮಿನ ಚಿನ್ನದ ಗಣಿಯ ಟೈಂ ಆಫೀಸಿನಲ್ಲಿ ಗುಮಾಸ್ತ. ಯಾರು ಎಷ್ಟು ಹೊತ್ತಿಗೆ ಗಣಿಗೆ ಇಳಿದರು, ಎಷ್ಟು ಹೊತ್ತಿಗೆ ಮೇಲೆ ಬಂದರು ಎಂದು ಬರೆದಿಡುವುದು ನನ್ನ ಕೆಲಸ. ನಾನು ಮಾತ್ರ ಒಂದು ದಿನವೂ ಇಳಿದವನಲ್ಲ. ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ವಿಲಾಯಿತಿಗೆ ಹೊರಟಿದ್ದ ಕಾಲ ಅದು. ಅವರಲ್ಲಿ ಒಬ್ಬರು ಹೊರಡುವ ಮೊದಲು ನಾಯಿಯನ್ನು ಬಟ್ಲರನಿಗೂ, ಪಿಯಾನೋವನ್ನು ಚರ್ಚಿಗೂ, ಹಳೆಯ ಕಾರನ್ನು ನನಗೂ ಒಪ್ಪಿಸಿ ಹೋದರು. ಮೂವರಲ್ಲಿ ಬಟ್ಲರನೇ ಅದೃಷ್ಟವಂತ ಎಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ. ಕಾರಿನ ಚಕ್ರಗಳು ತುಕ್ಕು ಹಿಡಿದು, ಬೆರಳಿಟ್ಟರೆ ಹಪ್ಪಳದ ಹಾಗೆ ಉದುರುತ್ತಿದ್ದವು. ಬಂಗಾರಪೇಟೆಯ ಮೆಕ್ಯಾನಿಕ್ ಸಾಬರು ನೋಡಿ, "ಇದರಲ್ಲಿ ಹೋಗೋದಾದ್ರೆ ಮನೇಲಿ ಎಲ್ಲಾ ಮಾತು ಮುಗಿಸಿ ಬನ್ನಿ" ಎಂದರು. ಮದರಾಸಿಗೆ ಬರೆದು ಹೊಸ ಚಕ್ರ ತರಿಸಿದೆ. ಕೆನೆಬಣ್ಣ, ನಡುವೆ ಮುಖ ಕಾಣುವಂಥ ಹೊಳೆಯುವ ಬಟ್ಟಲು. ಕಾರಿನ ಮಿಕ್ಕ ಭಾಗ ಬೂದಿಬಣ್ಣದಲ್ಲಿ ಅಲ್ಲಲ್ಲಿ ತೇಪೆ ಹಾಕಿಸಿಕೊಂಡು ನಿಂತಿತ್ತು. ಮುದುಕನಿಗೆ ಹೊಸ ಬೂಟು ತೊಡಿಸಿದ ಹಾಗಿದೆ ಎಂದಳು ಹೆಂಡತಿ. ನಾನು ಮುದುಕನನ್ನು ನೋಡುವುದು ಬಿಟ್ಟು ಬೂಟನ್ನೇ ನೋಡುತ್ತ ಕೂತೆ.

ಕೆನೆಬಣ್ಣಕ್ಕೆ ನಮ್ಮೂರಿನಲ್ಲಿ ಎರಡು ಕಡೆಯಿಂದ ಶತ್ರುಗಳು. ಹೊರಗಿನಿಂದ, ಚಿನ್ನ ತೆಗೆದುಳಿದ ಪುಡಿ ಸುರಿದೆದ್ದ ಸೈನೈಡ್ ದಿಬ್ಬದ ಬಿಳಿ ಧೂಳು. ಗಾಳಿ ಎದ್ದರೆ ಸಾರಿನೊಳಗೂ ಇಳಿಯುವಂಥದ್ದು. ಒಳಗಿನಿಂದ ಬ್ರೇಕಿನ ಕರಿಪುಡಿ. ದಿಬ್ಬದ ಧೂಳಿಗೆ ನಾನು ಹೆಂಡತಿಯ ಹಳೆಯ ಲಂಗಗಳನ್ನು ಕತ್ತರಿಸಿ, ಲಾಡಿ ಹಾಕಿ, ನಾಲ್ಕು ಗವಸು ಹೊಲಿದೆ. ಎದುರುಮನೆಯವರು ಬೆಳಗ್ಗೆ ಅದನ್ನು ಕಂಡು, "ಎನ್ನ ಸಾರ್, ವಂಡಿಕ್ಕು ಪಾವಾಡೆಯಾ?" ಎಂದು ತಮಿಳಿನಲ್ಲಿ ವಿಚಾರಿಸಿದರು. ಕಾರಿಗೆ ಲಂಗ ಉಡಿಸಿದ ಸುದ್ದಿ ಆಫೀಸಿಗೆ ನನಗಿಂತ ಮೊದಲೇ ತಲುಪಿತ್ತು. ಕರಿಪುಡಿಗೆ ನಾನು ಕಂಡುಕೊಂಡ ಉಪಾಯ ಇನ್ನೂ ಸರಳ. ಬ್ರೇಕು ಹಾಕಿದರೆ ತಾನೆ ಪುಡಿ? ಆದ್ದರಿಂದ ಬ್ರೇಕು ಹಾಕುವುದನ್ನೇ ಬಿಟ್ಟೆ. ದೂರದಲ್ಲಿ ಎಮ್ಮೆ ಕಂಡರೆ ಅಲ್ಲಿಂದಲೇ ಗೇರು ಇಳಿಸಿ, ಹಾರನ್ ಒತ್ತಿ, ಎಮ್ಮೆಯ ವಿವೇಕದ ಮೇಲೆ ಭಾರ ಹಾಕುತ್ತಿದ್ದೆ. ಇಷ್ಟಾದರೂ ಒಂದಿಷ್ಟು ಪುಡಿ ಬರುತ್ತಲೇ ಇತ್ತು. ಕೊನೆಗೆ, ಜಿಡ್ಡಿದ್ದರೆ ಪುಡಿ ಅಂಟದೆ ಜಾರಿಹೋಗುತ್ತದೆ ಎಂದು ತರ್ಕಿಸಿ ಚಕ್ರದ ಒಳಮೈಗೆಲ್ಲ ಹರಳೆಣ್ಣೆ ಬಳಿಯಲು ಶುರುಮಾಡಿದೆ. ಪ್ರತಿ ಶನಿವಾರ ನಾನು ತಲೆಗೆ ಎಣ್ಣೆ ಹಚ್ಚಿಕೊಳ್ಳುವಾಗ ಚಕ್ರಗಳಿಗೂ ಅಭ್ಯಂಜನವಾಗುತ್ತಿತ್ತು.

ಇದನ್ನೆಲ್ಲ ಬೇಲಿಯಾಚೆಯಿಂದ ನೋಡುತ್ತಿದ್ದವರು ಪಕ್ಕದ ಮನೆಯ ಮುನಿವೆಂಕಟಪ್ಪ. ಇಪ್ಪತ್ತು ವರ್ಷಕ್ಕೂ ಮೇಲೆ ಗಣಿಯ ಆಳದಲ್ಲಿ ಬಂಡೆ ಕೊರೆದವರು. ಎದೆ ಕೆಟ್ಟ ಮೇಲೆ ಅವರನ್ನು ಮೇಲಿನ ಹಗುರ ಕೆಲಸಕ್ಕೆ ಹಾಕಿದ್ದರು. ಈಗ ಅವರಿಲ್ಲ. ನಾನು ಒಣ ಬಟ್ಟೆಯಿಂದ ಚಕ್ರ ಝಾಡಿಸುತ್ತಿದ್ದರೆ ಅವರಿಗೆ ತಡೆಯುತ್ತಿರಲಿಲ್ಲ.

"ಒಣಗಿದ್ದಾಗ ಒರಸ್ಬ್ಯಾಡಿ ಸಾಮಿ. ಮೊದ್ಲು ನೀರು ಆಕಿ. ಧೂಳು ನೆನೀಬೇಕು, ಏಳ್ಬಾರ್ದು. ಒಳಗೆ ನಾವೂ ಅಂಗೇ, ನೀರು ಬಿಟ್ಕೊಂಡೇ ಡ್ರಿಲ್ಲು ಒಡೀತಿದ್ದಿದ್ದು. ಮೊದ್ಲಿಗೆ ಆ ನೀರು ಇರ್ಲಿಲ್ಲ. ಅದು ಬರೋ ಒತ್ಗೆ ನಾನು ಕುಡಿಯೋ ಅಷ್ಟು ಧೂಳು ಕುಡ್ದಿದ್ದೆ." ಇಷ್ಟು ಹೇಳಲು ಅವರು ಎರಡು ಸಲ ನಿಲ್ಲಬೇಕಾಯಿತು. ಆಮೇಲೆ ಎಣ್ಣೆಯ ಬಟ್ಟಲು ನೋಡಿ, "ಎಣ್ಣೆ ಮಾತ್ರ ಬ್ಯಾಡ. ಧೂಳು ಅದಕ್ಕೇ ಕಚ್ಕೊಂತದೆ, ಇಳ್ದು ಬ್ರೇಕಿಗೂ ಓಗ್ತದೆ" ಎಂದರು. ಹೆಬ್ಬೆಟ್ಟು ಒತ್ತುವ ಮನುಷ್ಯ ಗುಮಾಸ್ತನಿಗೆ ಯಂತ್ರಶಾಸ್ತ್ರ ಹೇಳುವುದೇ ಎಂದು ನಾನು ನಕ್ಕು ಎಣ್ಣೆ ಬಳಿಯುತ್ತಲೇ ಹೋದೆ.

ಅವರ ಮಗಳು ರತ್ನಳಿಗೆ ಒಂದು ಗಂಡು ಗೊತ್ತಾಗುವಂತಿತ್ತು. ಹುಡುಗ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಊರು ಬಂಗಾರಪೇಟೆಯಾಚೆ, ಕಾಮಸಮುದ್ರದ ದಾರಿಯಲ್ಲಿ ಒಳಗೆ. ಗಂಡಿನ ಕಡೆಯವರು ಬಂದು ಹೆಣ್ಣನ್ನು ಒಪ್ಪಿ ಹೋಗಿದ್ದರು. ಅವತ್ತು ಮುನಿವೆಂಕಟಪ್ಪ ಗೋಡೆಗೊರಗಿ ಕೂತಲ್ಲಿಂದ ಏಳದೆ, ಹೆಚ್ಚು ಮಾತಾಡದೆ ಹೇಗೋ ದಾಟಿಸಿಬಿಟ್ಟಿದ್ದರು. ಇನ್ನು ಉಳಿದದ್ದು ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿ ತಾಂಬೂಲ ಬದಲಾಯಿಸುವುದು. ಅದೇ ಕಷ್ಟ. ಬಸ್ಸು ಇಳಿದು ಒಂದು ಮೈಲಿ ನಡೆಯಬೇಕು. ಗಣಿಯ ಕೆಮ್ಮು ಮನೆಯವರಿಗೆ ಅಂಟುವ ರೋಗವಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಹಳ್ಳಿಯಲ್ಲಿ ಕೆಮ್ಮೆಂದರೆ ಕ್ಷಯ, ಕ್ಷಯದ ಮನೆಯಿಂದ ಹೆಣ್ಣು ತರುವವರಿಲ್ಲ.

"ಏದುಸ್ರು ಬಿಡ್ತಾ ಅವ್ರ ಬಾಗ್ಲಿಗೆ ಓದ್ರೆ ಮುಗೀತು ಸಾಮಿ. ನಿಮ್ ಕಾರಾಗೆ ಬಾಗ್ಲ ಮುಂದೆ ಇಳಿದ್ರೆ ಎರಡೇ ಎಜ್ಜೆ. ಕೂತ್ಕೊಂಡ್ಬಿಟ್ರೆ ಸುಧಾರಿಸ್ಕೊಂತೀನಿ" ಎಂದರು. ನಾನು ಉದಾರವಾಗಿ ಒಪ್ಪಿದೆ. ಬಾಗಿಲವರೆಗೂ ಬಿಡುತ್ತೇನೆ ಎಂದು ಮಾತು ಕೊಟ್ಟೆ. ಹೊರಡುವ ದಿನ ಬೆಳಗ್ಗೆ, ಇಂಥ ಶುಭಕಾರ್ಯಕ್ಕೆ ಚಕ್ರ ಹೊಳೆಯಬೇಡವೇ ಎಂದು ಒಂದು ಕೈ ಹೆಚ್ಚಾಗಿಯೇ ಎಣ್ಣೆ ಬಳಿದೆ.

ಮುನಿವೆಂಕಟಪ್ಪ ಮುಂದೆ ಕೂತರು, ಅವರ ಹೆಂಡತಿ ಅಕ್ಕಯಮ್ಮ ತಾಂಬೂಲದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಹಿಂದೆ. ಬಂಗಾರಪೇಟೆ ದಾಟುವವರೆಗೆ ಎಲ್ಲವೂ ಸೊಗಸಾಗಿತ್ತು. ನಾನು ಒಂದೇ ಒಂದು ಸಲವೂ ಬ್ರೇಕು ಮುಟ್ಟಲಿಲ್ಲ. ಆದರೆ ಗಂಡಿನ ಊರಿನ ಕೆರೆಯ ಹತ್ತಿರ ಬಂದಾಗ ನಾನು ಗೇರು ಇಳಿಸಿದೆ. ಹಿಂದಿನ ದಿನ ಮಳೆ ಬಿದ್ದು, ಏರಿಯ ಮೇಲಿನ ಗಾಡಿದಾರಿ ಕೆಂಪು ಕೆಸರಾಗಿ ಮಿಣಮಿಣ ಎನ್ನುತ್ತಿತ್ತು. ಏರಿಯಾಚೆ ಇಳಿಜಾರಿನಲ್ಲಿ ಗಂಡಿನ ಮನೆ ಕಾಣುತ್ತಿತ್ತು. ನಾನು ಕೆನೆಬಣ್ಣವನ್ನು ನೆನೆದೆ. ಏರಿಯ ಬುಡದಲ್ಲಿ ಕಾರು ತಾನಾಗಿ ನಿಲ್ಲುವಂತೆ ಮಾಡಿ ಹೇಳಿದೆ: "ಇಲ್ಲಿಂದ ಹತ್ತಿರವೇ ಇದೆ ಮುನಿವೆಂಕಟಪ್ಪ. ಗಾಡಿ ಹೂತುಕೊಂಡರೆ ಕಷ್ಟ. ನಿಧಾನವಾಗಿ ನಡೆದುಬಿಡಿ."

ಕಾರು ಹೂತುಕೊಳ್ಳುವ ಕೆಸರಲ್ಲ ಅದು. ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು "ಆಗ್ಲಿ ಸಾಮಿ" ಎಂದು ಇಳಿದರು. ಅಕ್ಕಯಮ್ಮ ಇಳಿದು, ಸೆರಗು ಸರಿಮಾಡಿಕೊಂಡು, ನನ್ನ ಚಕ್ರವನ್ನು ಒಮ್ಮೆ ನೋಡಿದರು. ಇಬ್ಬರೂ ಏರಿ ಹತ್ತಿದರು. ಹತ್ತು ಹೆಜ್ಜೆಗೊಮ್ಮೆ ಮುನಿವೆಂಕಟಪ್ಪ ನಿಂತು, ಕೆರೆ ನೋಡುವವರಂತೆ ಸೊಂಟದ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು. ಮೂರನೆಯ ಸಲ ನಿಲ್ಲಲಿಲ್ಲ, ತೂಬಿನ ಕಲ್ಲಿನ ಮೇಲೆ ಕೂತುಬಿಟ್ಟರು. ಅಕ್ಕಯಮ್ಮ ತಟ್ಟೆಯನ್ನು ನೆಲಕ್ಕಿಟ್ಟು ಬೆನ್ನು ನೀವುತ್ತಿರುವುದು ಕಂಡಿತು. ನಾನು ಸ್ಟೇರಿಂಗ್ ಹಿಡಿದು ಕೂತೇ ಇದ್ದೆ. ಎಷ್ಟು ಹೊತ್ತು ಎಂದು ಹೇಳಲು ನನಗೆ ಈಗಲೂ ಮನಸ್ಸಿಲ್ಲ. ಉಳಿದವರ ಹೊತ್ತನ್ನೆಲ್ಲ ಬರೆದಿಟ್ಟವನು ಇದೊಂದನ್ನು ಬರೆದಿಡಲಿಲ್ಲ. ಕೊನೆಗೆ ನಾಚಿಕೆ ತಡೆಯದೆ ಕಾರನ್ನು ಕೆಸರಿಗೇ ನುಗ್ಗಿಸಿ, ತೂಬಿನ ಬಳಿ ಇಬ್ಬರನ್ನೂ ಹತ್ತಿಸಿಕೊಂಡೆ. ಕೆಸರು ಚಕ್ರಕ್ಕೆ ಪಚಪಚನೆ ಬಡಿಯತೊಡಗಿತು.

ಏರಿ ಮುಗಿದು ಇಳಿಜಾರು ಬಂತು. ಅಂಗಳದಲ್ಲಿ ಗಂಡಿನ ತಂದೆ ಚೌಡಪ್ಪ ಪೇಟ ಸುತ್ತಿಕೊಂಡು ಮನೆಯವರೊಂದಿಗೆ ಕೈಮುಗಿದು ನಿಂತಿದ್ದರು. ನಾನು ಅಂದಿನ ಮೊದಲನೆಯ ಬ್ರೇಕು ಹಾಕಿದೆ. ಕಾಲು ಪೂರ್ತಿ ಇಳಿಯಿತು, ಕಾರು ನಿಲ್ಲಲಿಲ್ಲ. ತಿಂಗಳುಗಟ್ಟಲೆ ಉಣಿಸಿದ ಹರಳೆಣ್ಣೆ ಸೇರಬೇಕಾದಲ್ಲಿಗೆ ಸೇರಿತ್ತು. ಸ್ವಾಗತಕ್ಕೆ ನಿಂತವರು ಎರಡು ಭಾಗವಾಗಿ ದಾರಿ ಬಿಟ್ಟರು. ಕಾರು ನಡುವೆ ಹಾದು ಹಿಂದಿದ್ದ ರಾಗಿಹುಲ್ಲಿನ ಮೆದೆಯನ್ನು ಹೊಕ್ಕಿತು. ಕೈಬ್ರೇಕು ಎಂಬುದೊಂದಿದೆ ಎಂದು ನನಗೆ ಮೆದೆಯೊಳಗೆ ಕೂತ ಮೇಲೆ ನೆನಪಾಯಿತು.

ಮೆದೆ ಮೇಲೆ ನೆನೆದಿದ್ದರೂ ಒಳಗೆ ವರ್ಷದ ಧೂಳು ತುಂಬಿತ್ತು. ಅದೆಲ್ಲ ಎದ್ದು ಅಂಗಳ ಮುಚ್ಚಿತು. ನಾನು ಕೆಮ್ಮಿದೆ, ಚೌಡಪ್ಪ ಕೆಮ್ಮಿದರು, ಮದುಮಗನಾಗುವವನು ಕೆಮ್ಮಿದ, ಕಟ್ಟಿದ್ದ ಹಸುವೂ ಕೆಮ್ಮಿತು. ಅದರ ನಡುವೆ ಮುನಿವೆಂಕಟಪ್ಪ ಮನಸಾರೆ, ಯಾರಿಗೂ ಅಂಜದೆ, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿಕೊಂಡರು. "ಪಾಪ, ಪೂರಾ ಧೂಳು ಕುಡ್ದ್ಬುಟ್ರು, ನೀರು ತನ್ರೇ!" ಎಂದು ಚೌಡಪ್ಪ ಬೆನ್ನು ತಟ್ಟಿದರು. ಮನೆಯಾಕೆ ಕಾಲು ತೊಳೆಯಲು ಚೊಂಬಿನಲ್ಲಿ ನೀರು ತಂದು ನನ್ನ ಕೈಗಿತ್ತರು. ನಾನು, ಹೇಳಲು ಹೇಸಿಗೆಯಾಗುತ್ತದೆ, ಆ ನೀರನ್ನು ಕೆಸರು ಮೆತ್ತಿದ ಮುಂದಿನ ಚಕ್ರಕ್ಕೆ ಹೊಯ್ದೆ. ಚಕ್ರ ಕೊಳೆಯಾದರೆ ಕೈ ತಾನಾಗಿ ಓಡುವ ಅಭ್ಯಾಸ. ಯಾರೂ ನೋಡಲಿಲ್ಲ ಎಂದುಕೊಂಡೆ. ಆಮೇಲೆ ತಾಂಬೂಲ ಬದಲಾಯಿತು, ಮದುವೆ ನಿಶ್ಚಯವಾಯಿತು.

ಮದುವೆಯವರೆಗಿನ ಆರು ವಾರ ನಾನು ಮನೆಯಲ್ಲಿ ತಲೆಯೆತ್ತಿಕೊಂಡು ಓಡಾಡಿದೆ. ನನ್ನ ಬ್ರೇಕು ನೆಟ್ಟಗಿದ್ದಿದ್ದರೆ ಆ ಕೆಮ್ಮು ಬಯಲಾಗಿ ರತ್ನಳ ಮದುವೆ ಮುರಿಯುತ್ತಿತ್ತು ಎಂದು ಹೆಂಡತಿಗೆ ದಿನಕ್ಕೊಮ್ಮೆ ವಿವರಿಸುತ್ತಿದ್ದೆ. "ಹಾಗಾದರೆ ನಿಮ್ಮ ಎಣ್ಣೆ ಬಟ್ಟಲನ್ನು ದೇವರ ಮನೆಯಲ್ಲಿಡಲೇ?" ಎಂದಳು. ತೂಬಿನ ಕಲ್ಲಿನ ವಿಷಯವನ್ನು ಮಾತ್ರ ನಾನು ಅವಳಿಗೆ ಹೇಳಿರಲಿಲ್ಲ. ಮುನಿವೆಂಕಟಪ್ಪನವರೂ ಯಾರಿಗೂ ಹೇಳಲಿಲ್ಲ. ಬೇಲಿಯಾಚೆ ನಿಂತು, "ನೀರು ಆಕಿ ಸಾಮಿ, ನೀರು" ಎನ್ನುವುದನ್ನೂ ಬಿಡಲಿಲ್ಲ.

ಮದುವೆ ಗಂಡಿನ ಮನೆಯಲ್ಲೇ ಆಯಿತು. ಸಾಬರ ಕೈಯಲ್ಲಿ ಬ್ರೇಕು ಬಿಚ್ಚಿಸಿ ತೊಳೆಸಿದ್ದೆ. ಎಲ್ಲರನ್ನೂ ಬಾಗಿಲವರೆಗೇ ಕರೆದೊಯ್ದು ಇಳಿಸಿದೆ. ಮುನಿವೆಂಕಟಪ್ಪ ಎರಡೇ ಹೆಜ್ಜೆ ಹಾಕಿ ಚಪ್ಪರದ ಕೆಳಗೆ ಕುರ್ಚಿಯಲ್ಲಿ ಕೂತರು. ಊಟವಾದ ಮೇಲೆ ಚೌಡಪ್ಪ ಎಲೆಯಡಿಕೆ ಮೆಲ್ಲುತ್ತ ನನ್ನ ಪಕ್ಕಕ್ಕೆ ಬಂದರು. ಮೆದೆ ಪ್ರಸಂಗಕ್ಕೆ ನಗುತ್ತಾರೆಂದು ನಾನು ಮೊದಲೇ ನಕ್ಕೆ. ಅವರು ನಗಲಿಲ್ಲ.

"ಬೀಗರ ಕೆಮ್ಮು ನಮ್ಗೆ ಒಸದಲ್ಲ ಸಾಮಿ. ನಮ್ಮಣ್ಣ ಗಣೀಲೇ ಇದ್ದೋನು, ಅದ್ರಾಗೇ ಓದ. ಎಣ್ಣು ನೋಡಕ್ ಬಂದಾಗ್ಲೇ ನಮ್ಗೆ ಗೊತ್ತಾಯ್ತು. ಅದ್ಕೇನಂತೆ, ಮೈಮುರ್ದು ದುಡ್ದೋರ ಮನೆ ಎಣ್ಣು ಅಂತ್ಲೇ ಒಪ್ಕೊಂಡಿದ್ದು." ಅವರು ಕೆರೆಯ ಏರಿಯ ಕಡೆ ಕೈ ತೋರಿಸಿದರು. ಅಂಗಳದಿಂದ ತೂಬಿನ ಕಲ್ಲು ಚೆನ್ನಾಗಿ ಕಾಣುತ್ತಿತ್ತು. "ಅವತ್ತು ನಾವೆಲ್ಲ ಇಲ್ಲೇ ನಿಂತ್ಕೊಂಡು ನೋಡ್ತಿದ್ವಿ. ಕಾರು ನಿಂತಿದ್ದು, ಅವ್ರು ಇಳ್ದಿದ್ದು, ಕೂತಿದ್ದು. ಗಾಡಿ ಕೆಟ್ಟೋಯ್ತೇನೋ ಅಂತ ಎತ್ತು ಕಟ್ಟಕ್ ಓಗ್ತಿದ್ದೆ, ಅಷ್ಟ್ರಾಗೆ ನೀವೇ ಬಂದ್ಬುಟ್ರಿ. ಯಾಕ್ ಸಾಮಿ ನಿಲ್ಸಿದ್ದು?"

ಸುಳ್ಳು ಹುಡುಕಿದೆ, ಸಿಗಲಿಲ್ಲ.

"ಚಕ್ರ ಹೊಸದಿತ್ತು" ಎಂದೆ.

ಚೌಡಪ್ಪ ತಲೆಯಾಡಿಸಿದರು, ಎಂದೋ ಗೊತ್ತಿದ್ದುದನ್ನು ಮತ್ತೊಮ್ಮೆ ಕೇಳಿದವರಂತೆ. ಎದ್ದು ಒಳಗೆ ಹೋಗಿ, ಎರಡು ಚೊಂಬು ನೀರು ತಂದು ನನ್ನ ಮುಂದಿಟ್ಟರು.

"ನೀವು ಬಂದಾಗ ಕೊಡಕ್ಕೆ ಮರೆತೆ. ಇದು ನಿಮ್ ಕಾಲಿಗೆ. ಇದು ನಿಮ್ ಚಕ್ರಕ್ಕೆ."

ಮುನಿವೆಂಕಟಪ್ಪ ಕುರ್ಚಿಯಲ್ಲಿ ಕೂತು ಮಗಳನ್ನೇ ನೋಡುತ್ತಿದ್ದರು. ನಾನು ಮೊದಲನೆಯ ಚೊಂಬಿನಿಂದ ಕಾಲು ತೊಳೆದುಕೊಂಡೆ. ಎರಡನೆಯದನ್ನು ಅಲ್ಲೇ ಬಿಟ್ಟು ಬಂದೆ ಎಂದು ಬರೆದರೆ ನಿಮಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯ ಮೂಡಬಹುದು. ಆದರೆ ಮದುವೆಗೆ ಏರಿಯ ಮೇಲೆ ಬರುವಾಗ ಎಡಗಡೆಯ ಮುಂದಿನ ಚಕ್ರಕ್ಕೆ ಸ್ವಲ್ಪ ಧೂಳು ಕೂತಿತ್ತು, ಆ ನೀರು ಅದಕ್ಕೇ ಹೋಯಿತು.