ಓನರ್ ಮಾವನ ದಾರಿ ತೋರಿಸುವ ಪಡೆ

ಬಾಡಿಗೆಯ ಜೊತೆಗೆ ಬಾಡಿಗೆದಾರರ ಮಕ್ಕಳನ್ನೂ ವಸೂಲು ಮಾಡುತ್ತಿದ್ದ ಮನೆ ಓನರ್ ಒಬ್ಬರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದೇನೆ ಅನ್ನೋದೇನು ಬಂತು, ವಸೂಲಾದ ಮಕ್ಕಳ ಪೈಕಿ ನಾನೂ ಒಬ್ಬಳು!

ಎಪ್ಪತ್ತರ ದಶಕದ ಮಾತು. ಬೆಂಗಳೂರಿನ ಬಸವೇಶ್ವರನಗರ ಆಗಿನ್ನೂ ನಗರವೋ ಅಲ್ಲವೋ ಎಂಬ ಗೊಂದಲದಲ್ಲಿತ್ತು. ಒಂದು ಮನೆ, ಪಕ್ಕದಲ್ಲಿ ಮೂರು ಖಾಲಿ ಸೈಟು, ಸೈಟಿನಲ್ಲಿ ಎಮ್ಮೆ, ಎಮ್ಮೆಯಾಚೆ ಇನ್ನೊಂದು ಮನೆ. ಮೂರನೇ ಕ್ರಾಸ್ ಆದ ಮೇಲೆ ನಾಲ್ಕನೆಯದೇ ಬರಬೇಕೆಂಬ ಕಟ್ಟುಪಾಡು ನಮ್ಮ ಬಡಾವಣೆಗೆ ಇರಲಿಲ್ಲ. ಏಳು ಬಂದರೂ ಬರಬಹುದು. ಸೈಟ್ ನಂಬರ್ ಒಂದು, ಬಾಗಿಲ ಮೇಲಿನ ನಂಬರ್ ಇನ್ನೊಂದು, ಯಾರೋ ಬಂದು ಟಾರಿನಲ್ಲಿ ಗೋಡೆಗೆ ಬರೆದು ಹೋದ ನಂಬರ್ ಮತ್ತೊಂದು. ಪೋಸ್ಟ್‌ಮ್ಯಾನ್ ಮನೆಯನ್ನು ಗುರುತಿಸುತ್ತಿದ್ದದ್ದು ನಾಯಿಗಳ ಬಣ್ಣದಿಂದ.

ಈ ಗೊಂದಲದ ನಟ್ಟನಡುವೆ ಮನೆ ಕಟ್ಟಿಸಿ, ಹಿಂದಿನ ಪೋರ್ಷನ್ನನ್ನು ನಮಗೆ ಬಾಡಿಗೆಗೆ ಕೊಟ್ಟವರು ನಮ್ಮ ಓನರ್ ಮಾವ. ಊರು ದಾವಣಗೆರೆ ಕಡೆ. ಕೆಲಸ ಯಾವುದೋ ಆಫೀಸಿನಲ್ಲಿ ನಕ್ಷೆ ಬರೆಯುವುದು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು, ಎದೆ ತುಂಬ ಒಂದೇ ಒಂದು ಸಂಕಟ.

ಸಂಕಟವೇನೆಂದು ಈಗಲೇ ಹೇಳಿಬಿಡುತ್ತೇನೆ. ನಾವು ಬಾಡಿಗೆಗೆ ಬರುವ ಮೊದಲು ನಡೆದ ಗೃಹಪ್ರವೇಶಕ್ಕೆ ಅವರ ಅಣ್ಣ ಬಂದಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಸಾಕಿ ಓದಿಸಿದ ಅಣ್ಣ! ಆಮೇಲೆ ನೆಂಟರೊಬ್ಬರ ಬಾಯಲ್ಲಿ, "ಬಂದಿದ್ದೆ, ಹೋದೆ ಅಂತ ಹೇಳು ಅವನಿಗೆ," ಎಂದು ಹೇಳಿ ಕಳಿಸಿದ್ದರಂತೆ. ಅಷ್ಟೇ. ಆಮೇಲೆ ಮಾತಿಲ್ಲ, ಕತೆಯಿಲ್ಲ.

"ಬಂದಿದ್ರು ಅಂದ್ರೆ ಏನರ್ಥ? ಹೋದ್ರು ಅಂದ್ರೆ ಏನರ್ಥ?" ಎಂದು ಮಾವ ನಮ್ಮನ್ನೆಲ್ಲ ಕೂರಿಸಿಕೊಂಡು ಕೇಳುತ್ತಿದ್ದರು. "ಮನೆ ಸಿಕ್ಕಿಲ್ಲ! ಆಮಂತ್ರಣದಲ್ಲಿ ನಕ್ಷೆ ಬರೆದವನು ನಾನೇ. ಬಾಳೆಗಿಡದ ಚಿತ್ರಕ್ಕೆ ಜಾಗ ಸಾಲದೆ ಉತ್ತರ ದಿಕ್ಕನ್ನ ಕೆಳಗೆ ಹಾಕ್ಬಿಟ್ಟೆ. ನಮ್ಮಣ್ಣ ಬಿಸಿಲಲ್ಲಿ ಊರೆಲ್ಲ ಸುತ್ತಿ ವಾಪಸ್ ಹೋಗಿದಾರೆ!"

ದಾವಣಗೆರೆಗೆ ಹೋಗಿ ಕರೆದೂ ಬಂದಿದ್ದರು. ಅಣ್ಣ ರೊಟ್ಟಿ ಬಡಿಸಿದರು, ಗೋಡೆ ನೋಡಿಕೊಂಡು ಮಾತಾಡಿದರು, "ಬರಬೇಕು ಅನ್ನಿಸಿದಾಗ ಬರ್ತೀನಿ. ಹಿಡ್ಕೊಂಡು ಹೋಗಾಕ ನಾನೇನು ಕುರಿ ಏನು?" ಅಂದರು. ಯಾವಾಗ ಅನ್ನಿಸುತ್ತದೋ ಯಾರಿಗೆ ಗೊತ್ತು? ಅದಕ್ಕೇ ಮಾವ ತೀರ್ಮಾನಿಸಿದರು, ಬರುವ ಪ್ರತಿ ಬಸ್ಸಿಗೂ ಕಾವಲಿರಬೇಕು. ತಾವು ಆಫೀಸಿನಲ್ಲಿರುವಾಗ ಕಾಯುವವರು ಯಾರು? ಬೇಸಿಗೆ ರಜೆಯಲ್ಲಿ ಬಿದ್ದುಕೊಂಡಿದ್ದ ನಾವು!

ಬಡಾವಣೆಯ ತಾಯಿತಂದೆಯರಿಗೆ ಅಣ್ಣನ ವಿಷಯ ಹೇಳಿದರೆ ಮಕ್ಕಳನ್ನು ಕಳಿಸುತ್ತಾರೆಯೇ? ಆದ್ದರಿಂದ ಇದಕ್ಕೆ ಸಮಾಜಸೇವೆ ಎಂದು ಹೆಸರಾಯಿತು. ಹದಿಹರೆಯದವರು ಹೊಸಬರಿಗೆ ದಾರಿ ತೋರಿಸುವ ಸ್ವಯಂಸೇವೆ. ಸ್ವಯಂ ಅಂತ ಒಬ್ಬರೂ ಮುಂದೆ ಬಂದಿರಲಿಲ್ಲ ಅನ್ನುವುದು ಬೇರೆ ಮಾತು. ನಾನು "ಬಸ್ ಸ್ಟಾಪಲ್ಲಿ ನಿಂತ್ಕೊಳಲ್ಲ ಕಣಮ್ಮ, ನಾಚಿಕೆ," ಅಂದರೆ ಅಮ್ಮ, "ಓನರ್ ಹೇಳಿದಾರೆ ಕಣೇ, ಹೋಗು. ನಲ್ಲಿ ನೀರು ಅವರ ಕಡೆ ಪೈಪಿಂದ್ಲೇ ಬರೋದು," ಅಂದಳು. ಇಂಥ ತತ್ತ್ವಜ್ಞಾನಕ್ಕೆ ಎದುರಾಡುವುದು ಹೇಗೆ?

ಹುಡುಗರಿಗೆ ಕೊನೆಯ ಬಸ್ ಸ್ಟಾಪು, ಹುಡುಗಿಯರಿಗೆ ಒಳಗಿನ ತಿರುವುಗಳು. ನನಗೆ ಸಿಕ್ಕಿದ್ದು ಹಾಲಿನ ಬೂತಿನ ಮೂಲೆ. ಹುಡುಗರ ನಾಯಕ ಪಕ್ಕದ ಮನೆಯ ಶಿವು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ದಾರಿ ತಪ್ಪಿದವನು, ಹಾಗಾಗಿ ಅನುಭವಸ್ಥ.

ಮಾವ ತರಬೇತಿ ಕೊಟ್ಟರು. "ನಮ್ಮ ಕಡೆ ಹಿರಿಯರು ಅಂದ್ರೆ ಹೇಗಿರ್ತಾರೆ?"

"ಬಿಳಿ ಪಂಚೆ, ಕರಿ ಕೋಟು, ವಿಭೂತಿ, ಛತ್ರಿ ಸಾರ್," ಎಂದ ಶಿವು.

"ಶಭಾಷ್! ಅಂಥವರು ಇಳಿದ ತಕ್ಷಣ ಏನ್ ಮಾಡ್ಬೇಕು?"

"ಹೆಸರು ಕೇಳ್ಬೇಕು ಸಾರ್."

ಮಾವ ಚೇಳು ಕುಟುಕಿದವರಂತೆ ಎದ್ದು ನಿಂತರು. "ಕೇಳ್ಬಾರದು ಕಣೋ! ಮನೆಗೆ ಬಂದವರನ್ನ ನೀರು, ಬೆಲ್ಲ ಕೊಡೋಕೆ ಮುಂಚೆ ನೀವ್ಯಾರು ಅಂತ ಕೇಳ್ತಾರೇನೋ? ಮೊದಲು ಬ್ಯಾಗ್ ತಗೋ, ಬನ್ನಿ ಅನ್ನು, ಮನೆಗೆ ಕರ್ಕೊಂಡ್ ಬಾ. ಕಾಲಿಗೆ ನೀರು, ಕುಡಿಯೋಕೆ ನೀರು, ಬೆಲ್ಲ, ಫಲಾಹಾರ. ಆಮೇಲೆ ಕೇಳು, ಯಾವೂರು ಅಂತ!"

ಇಂಥ ಶಿಸ್ತನ್ನು ಅವರ ಮನೆತನ ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿತ್ತಂತೆ. ಹಳ್ಳಿಯಲ್ಲಿ ಸರಿ. ಮೆಜೆಸ್ಟಿಕ್ಕಿನಿಂದ ಬರುವ ಬಸ್ಸಿಗೆ?

ಮೊದಲ ದಿನ ಕೋಟು, ಛತ್ರಿಯ ಹಿರಿಯರೊಬ್ಬರು ಇಳಿದರು. ಶಿವು ಬ್ಯಾಗಿಗೆ ಕೈಹಾಕಿದ. ಅವರು "ಕಳ್ಳ, ಕಳ್ಳ!" ಎಂದು ಕೂಗಿದರು. "ಬನ್ನಿ ಸಾರ್, ಬನ್ನಿ," ಎನ್ನುತ್ತ ಶಿವು ಬ್ಯಾಗಿನೊಂದಿಗೆ ಓಡಿದ, ಬ್ಯಾಗಿನ ಹಿಂದೆ ಅವರೂ ಓಡಿದರು. ಹೀಗೆ ಎಲ್ಲೂ ದಾರಿ ತಪ್ಪದೆ ಅವರು ನೇರವಾಗಿ ಓನರ್ ಮಾವನ ಮನೆ ಮುಟ್ಟಿದರು! ಬಾಗಿಲಲ್ಲೇ ಓನರಮ್ಮ ಕಾಲಿಗೆ ನೀರು ಕೊಟ್ಟರು. ಉಪ್ಪಿಟ್ಟು ಬಂತು, ಬಾಳೆಹಣ್ಣು ಬಂತು, ಲೋಟ ತುಂಬ ಕಾಫಿ ಬಂತು. ಹಿರಿಯರು ಸಿಟ್ಟು ಮರೆತು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಎಲ್ಲ ಮುಗಿದ ಮೇಲೆ ಓನರಮ್ಮ ಕೇಳಿದರು, "ಯಾವೂರು ತಮ್ಮದು?"

"ಇದೇ ಊರು ತಾಯಿ. ನಿಮ್ಮ ಹಿಂದಿನ ಕ್ರಾಸು. ದಿನಾ ಇದೇ ಬಸ್ಸಲ್ಲೇ ಬರ್ತೀನಿ."

ಮರುದಿನದಿಂದ ಆ ಮಹಾನುಭಾವರು ಬಸ್ಸಿಳಿದು, ಬ್ಯಾಗನ್ನು ಕಾಲ ಬಳಿ ಇಟ್ಟು, ಯಾರಾದರೂ ಕದಿಯಲಿ ಎಂದು ಕಾಯುತ್ತ ನಿಲ್ಲತೊಡಗಿದರು.

ಇನ್ನೊಂದು ಭಾನುವಾರ ಚಿತ್ರದುರ್ಗದಿಂದ ಹೆಣ್ಣು ನೋಡಲು ಬಂದ ಐವರನ್ನು ನಮ್ಮ ಪಡೆ ಮೂರನೇ ಕ್ರಾಸಿಗೆ ಬಿಡುವ ಬದಲು ಮೂರನೇ ಮೈನಿಗೆ ಬಿಟ್ಟಿತು. ಆ ಮನೆಯವರೂ ಮಾವನ ಕಡೆಯವರೇ, ಅದೇ ಶಿಸ್ತು! ಬಂದವರು ಯಾರೆಂದು ಕೇಳದೆ ನೀರು, ಬೆಲ್ಲ ಕೊಟ್ಟರು. ಊಟದ ಹೊತ್ತಾಯಿತೆಂದು ಎಲೆ ಹಾಕಿದರು. ಮನೆಯವರೇ ಮಾತೆತ್ತಲಿ ಎಂದು ಇವರು ಕಾದರು. ಬಂದ ಕಾರಣ ಬಂದವರೇ ಹೇಳಲಿ ಎಂದು ಅವರು ಕಾದರು. ಮಳೆಬೆಳೆಯ ಮಾತು ಮುಗಿಯಿತು, ಬೆಣ್ಣೆಯ ರೇಟಿನ ಮಾತು ಮುಗಿಯಿತು. ಕೊನೆಗೆ ಗಂಡಿನ ಸೋದರಮಾವ ಕೆಮ್ಮಿ, "ಹುಡುಗೀನ ಕರೀರಲ್ಲ, ನೋಡಾನ," ಅಂದರು.

"ಯಾವ ಹುಡುಗಿ? ನಮಗಿರೋದು ಮೂರು ಗಂಡು!"

ಆಮೇಲೆ ಸರಿಯಾದ ಮನೆಗೆ ಹೋದಾಗ ಹೊಟ್ಟೆಯಲ್ಲಿ ಜಾಗವೆಲ್ಲಿ? ಐವರೂ ಒಂದೊಂದು ಚಮಚ ಕೇಸರಿಬಾತು ತಿಂದು ಕೈಮುಗಿದರು. ಹೆಣ್ಣಿನ ಅಪ್ಪನಿಗೆ ಬಹಳ ಸಂತೋಷವಾಯಿತು. ಇಷ್ಟು ಮಿತಾಹಾರದ ಮನೆತನ ಎಲ್ಲಿ ಸಿಕ್ಕೀತು! ಸಂಬಂಧ ಅಲ್ಲೇ ಕುದುರಿತು. "ನೋಡಿದ್ರಾ ನಮ್ಮ ಮಕ್ಕಳ ಸೇವೆ!" ಎಂದು ಮಾವ ಬೀದಿ ತುಂಬ ಹೇಳಿಕೊಂಡು ಬಂದರು. ಮದುವೆಗೆ ನಮ್ಮ ಪಡೆಗೆಲ್ಲ ಕರೆ ಬಂತು. ಛತ್ರಕ್ಕೆ ಹೋಗುವಾಗ ನಾವೇ ದಾರಿ ತಪ್ಪಿದೆವು.

ನಮಗೆ ನಗು. ಓನರಮ್ಮನಿಗೆ ಮಾತ್ರ ನಗು ಬರುತ್ತಿರಲಿಲ್ಲ. "ಊಟಕ್ಕೆ ಕೂತಿದ್ರೂ ಬಸ್ ಸದ್ದು ಕೇಳಿದ್ರೆ ಎದ್ ಹೋಗ್ತಾರೆ ಕಣೇ," ಎಂದು ನಮ್ಮಮ್ಮನ ಹತ್ತಿರ ಹೇಳುತ್ತಿದ್ದರು. "ಕೈಯಲ್ಲಿ ತುತ್ತು ಹಿಡ್ಕೊಂಡೇ ಗೇಟಿಗೆ ಹೋಗ್ತಾರೆ. ಯಾರೂ ಅಲ್ಲ ಅಂತ ವಾಪಸ್ ಬರ್ತಾರೆ. ಆ ತುತ್ತು ಆಮೇಲೆ ಬಾಯಿಗೆ ಹೋಗಲ್ಲ."

ರಜೆ ಮುಗಿಯುತ್ತ ಬಂತು. ಕಾಲೇಜು ಶುರುವಾದರೆ ಪಡೆ ಎಲ್ಲಿ ಉಳಿಯುತ್ತದೆ? ಮಾವ ಒಂದು ಭಾನುವಾರ ತಾವೇ ಬಸ್ ಸ್ಟಾಪಿಗೆ ಹೋಗಿ ನಿಂತರು.

ಆವತ್ತೇ, ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ, ನನ್ನ ಹಾಲಿನ ಬೂತಿನ ಮೂಲೆಗೆ ಹಿರಿಯರೊಬ್ಬರು ಬಂದರು. ಪಂಚೆ, ಕರಿ ಕೋಟು, ವಿಭೂತಿ. ಬಂದದ್ದು ಬಸ್ ಸ್ಟಾಪಿನ ಕಡೆಯಿಂದಲ್ಲ, ಹಿಂದಿನ ಸ್ಟಾಪಿನಲ್ಲೇ ಇಳಿದು ಕಾಲುದಾರಿಯಿಂದ. ನಾನು ನಿಯಮದಂತೆ, "ಬನ್ನಿ ಅಜ್ಜ, ಬ್ಯಾಗ್ ಕೊಡಿ," ಎಂದೆ. ಕೊಡಲಿಲ್ಲ. ಮುಂದೆ ನಡೆದರು. ನಾನು ಹಿಂದೆ ನಡೆದೆ. ಎಮ್ಮೆ ಸೈಟಿನ ಹತ್ತಿರ ಎಲ್ಲರೂ ತಪ್ಪುತ್ತಾರೆ, ಅವರು ತಪ್ಪಲಿಲ್ಲ. ಏಳನೇ ಕ್ರಾಸ್ ಬಿಟ್ಟು ನಾಲ್ಕನೆಯದಕ್ಕೆ ತಿರುಗಬೇಕು, ಅವರು ತಿರುಗಿದರು! ಯಾರು ಯಾರಿಗೆ ದಾರಿ ತೋರಿಸುತ್ತಿದ್ದೇವೆ ಎಂದು ನನಗೆ ಗೊಂದಲವಾಯಿತು. ಕೊನೆಗೆ ಅವರು ನಮ್ಮ ಮನೆಯ ಎದುರಿನ ಹೊಂಗೆಮರದ ಕೆಳಗೆ ನಿಂತುಬಿಟ್ಟರು.

"ಓನರ್ ಮಾವನ ಮನೆ ಅದೇ ಅಜ್ಜ," ಎಂದೆ.

"ಗೊತ್ತೈತವ್ವ."

"ಹೇಗ್ ಗೊತ್ತು? ನೀವು ದಾವಣಗೆರೆ ಅಣ್ಣನಾ? ನಿಮಗೆ ಮನೆ ಸಿಕ್ಕಿರ್ಲಿಲ್ಲ ಅಲ್ವಾ?"

"ಯಾರು ಅಂದ್ರು ಸಿಕ್ಕಿಲ್ಲ ಅಂತ?" ಅವರು ಗೇಟನ್ನೇ ನೋಡುತ್ತ ಹೇಳಿದರು. "ಆವತ್ತೂ ಇಲ್ಲೇ ನಿಂತಿದ್ದೆ. ಪೂಜಿಗೆ ಅಯ್ನಾರು ಬಂದ್ರು, ತಮ್ಮ ಒಳಗ ಕರಕೊಂಡ. ಆಫೀಸಿನ ಸಾಹೇಬ್ರು ಬಂದ್ರು, ಓಡಿ ಬಂದು ಕಾರಿನ ಬಾಗಲಾ ತಗದ. ನನ್ನ ಕಡೆ ಈಗ ನೋಡ್ತಾನ, ಈಗ ನೋಡ್ತಾನ ಅಂತ ನಿಂತೆ. ನೆರಳು ಸರೀತು. ಹೋದೆ."

"ನೀವೇ ಒಳಗೆ ಹೋಗ್ಬಹುದಿತ್ತಲ್ಲಾ ಅಜ್ಜ?"

"ಹಿರಿಯಾ ಅನ್ನಿಸ್ಕೊಂಡಾವ ಬಾಗಲದಾಗ ಬಾ ಅನ್ನದ ಮನಿಗೆ ನುಗ್ತಾನೇನವ್ವ?"

ನಾನು ಒಳಗೆ ಓಡಿ ಹೇಳಿದೆ. ಓನರಮ್ಮ ನೀರಿನ ತಂಬಿಗೆ ಹಿಡಿದು ರಸ್ತೆಗೇ ಬಂದು, "ಬರ್ರಿ ಭಾವಾರ," ಎಂದು ಕರೆದರು. "ನಿನ್ನ ಮ್ಯಾಲ ಏನೂ ಸಿಟ್ಟಿಲ್ಲವ್ವ. ಅವನ ಮನಿ, ಅವನೇ ಕರೀಲಿ. ಐದರ ಬಸ್ಸಿಗೆ ಹೊಂಟೀನಿ," ಅಂದರು ಅಜ್ಜ. ನಿಂತಲ್ಲಿಂದ ಕದಲಲಿಲ್ಲ.

ಐದಕ್ಕೆ ಇನ್ನೆಷ್ಟು ಹೊತ್ತಿದೆ? ಬಸ್ ಸ್ಟಾಪಿಗೆ ಓಡಿದೆ. ಮಾವ ಇಲ್ಲ! "ಈಗ ತಾನೇ ಯಾರೋ ಗಂಡ ಹೆಂಡತೀನ ಕರ್ಕೊಂಡ್ ಹೋದ್ರು ಕಣೇ," ಎಂದ ಶಿವು.

"ಎಲ್ಲಿಗೋ?"

"ಯಾವುದೋ ಕ್ರಾಸಿಗೆ."

"ಯಾವ ಕ್ರಾಸಿಗೋ ಪೆದ್ದ?"

"ಅದು ಅವರಿಗೇ ಗೊತ್ತಿರ್ಲಿಲ್ಲ ಕಣೇ!"

ಇಡೀ ಪಡೆ ದಿಕ್ಕಿಗೊಬ್ಬರಂತೆ ಚದುರಿತು. ಅಷ್ಟು ದಿನ ಯಾರ್‍ಯಾರದೋ ಮನೆ ಹುಡುಕಿಸಿದವರನ್ನು ಈಗ ಊರೆಲ್ಲ ಹುಡುಕಬೇಕಾಯಿತು. ಒಬ್ಬ ಮೂರನೇ ಮೈನಿಗೆ ಓಡಿ, ಮಾವ ಮೂರನೇ ಕ್ರಾಸಿಗೆ ಹೋದರೆಂದು ತಿಳಿದ. ಮೂರನೇ ಕ್ರಾಸಿನಲ್ಲಿ ಮೈನಿಗೆ ಹೋದರೆಂದರು. ಒಂದೇ ತಿರುವಿನಲ್ಲಿ ನಾನೂ ಶಿವುವೂ ಮತ್ತೆ ಮತ್ತೆ ಡಿಕ್ಕಿ ಹೊಡೆದೆವು. ಆಗ ಮಾತ್ರ ನನಗೆ ನಗು ಬರಲಿಲ್ಲ. ಹೊಂಗೆಯ ನೆರಳು ಎಲ್ಲಿಗೆ ಬಂತೋ ಎಂಬುದೊಂದೇ ತಲೆಯಲ್ಲಿ.

ನಾನು ಸೋತು ಮರಳಿ ಬಂದಾಗ ಅಜ್ಜ ಛತ್ರಿ ಬಿಚ್ಚಿದ್ದರು. ಎರಡು ಹೆಜ್ಜೆ ಹಾಕಿಯೂ ಇದ್ದರು.

ಅಷ್ಟರಲ್ಲಿ ರಸ್ತೆಯ ಆ ತುದಿಯಲ್ಲಿ ಮಾವ ಕಾಣಿಸಿದರು. ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ಕಂಕುಳಲ್ಲಿ ಆ ಗಂಡಹೆಂಡತಿಯ ಹಾಸಿಗೆ ಸುರುಳಿ ಹಾಗೇ ಇದೆ, ಹಿಂದೆ ಅವರಿಬ್ಬರೂ ಏನೂ ಅರ್ಥವಾಗದೆ ಓಡಿ ಬರುತ್ತಿದ್ದಾರೆ, ಅವರ ಹಿಂದೆ ಸುದ್ದಿ ಮುಟ್ಟಿಸಿದ ಶಿವು. ಮಾವ ರಸ್ತೆ ನಡುವೆ ನಿಂತರು. ಅಣ್ಣ ಸಿಕ್ಕರೆ ಏನು ಹೇಳಬೇಕೆಂದು ನಮ್ಮೆದುರೇ ಎಷ್ಟು ಭಾಷಣ ಮಾಡಿದ್ದರು! ನಕ್ಷೆಯ ವಿಷಯ, ಉತ್ತರ ದಿಕ್ಕಿನ ವಿಷಯ, ಬಾಳೆಗಿಡದ ವಿಷಯ. ಒಂದೂ ಬರಲಿಲ್ಲ. ಹಾಸಿಗೆ ಸುರುಳಿ ಕೆಳಗೆ ಬಿತ್ತು. ಆ ಧೂಳಿನಲ್ಲೇ ಅಣ್ಣನ ಕಾಲು ಮುಟ್ಟಿದರು.

"ಅಣ್ಣಾ, ಒಳಗ ಬಾ," ಎಂದರು. ಬೆಂಗಳೂರಿನ ಮಾತೆಲ್ಲ ಎಲ್ಲಿ ಹೋಗಿತ್ತೋ!

ಅಜ್ಜ ತಮ್ಮನ ತಲೆಯನ್ನೂ ಬರಿಗಾಲನ್ನೂ ನೋಡಿದರು. ಛತ್ರಿ ಮಡಿಚಿದರು. ಈಗ ಹೇಳುತ್ತಾರೆ, ಆವತ್ತು ಇಲ್ಲೇ ನಿಂತಿದ್ದೆ, ನೀನು ನೋಡಲಿಲ್ಲ ಎಂದು ಹೇಳಿಯೇ ಹೇಳುತ್ತಾರೆ ಎಂದುಕೊಂಡೆ.

"ಎಂಥಾ ಊರಾಗ ಮನಿ ಕಟ್ಟೀಯೋ ಮಾರಾಯ," ಎಂದರು ಅಜ್ಜ. "ಆವತ್ತು ಎಷ್ಟು ಹುಡುಕಿದರೂ ಸಿಗಲಿಲ್ಲ ನೋಡು. ಇವತ್ತು ಈ ಹುಡುಗಿ ಇರದಿದ್ರ ಇವತ್ತೂ ಸಿಗ್ತಿದ್ದಿಲ್ಲ."

"ನಾನ್ ಹೇಳ್ಲಿಲ್ವಾ! ಹೇಳ್ಲಿಲ್ವಾ!" ಎಂದು ಮಾವ ಅಳುತ್ತಲೇ ನಮ್ಮೆಲ್ಲರ ಕಡೆ ಕೈ ಬೀಸಿದರು.

ಓನರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಜ್ಜ ನನ್ನ ಕಡೆ ನೋಡಲಿಲ್ಲ. ದಾರಿ ಗೊತ್ತಿಲ್ಲದವರ ಹಾಗೆ ಮೆಲ್ಲಗೆ ನನ್ನ ಭುಜದ ಮೇಲೆ ಕೈಯಿಟ್ಟು, "ನಡೀಯವ್ವ, ತೋರಿಸು," ಎಂದರು. ನಾನು ಮುಂದೆ ನಡೆದೆ.