ಚೈನಾ ಸೆಟ್ಟಿಗೆ ಕಿವಿಗುರುತು

ಮೊಬೈಲ್ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಚಾರ್ಜರ್ ಕೇಳಿಕೊಂಡು ಬಾಗಿಲಿಗೆ ಬರುತ್ತದೆ. ಚಳ್ಳಕೆರೆಯ ನನ್ನ ಪುಟ್ಟ ಅಂಗಡಿಗೆ ಅದು ಗುಂಪುಗಟ್ಟಿ ಬಂದದ್ದು ಎರಡು ಸಾವಿರದ ಒಂಬತ್ತರ ಕೊನೆಯಲ್ಲಿ.

ನಾವು ಕರೆ ಮಾಡುವ ನಂಬರ್ ಸಿಮ್ಮಿನದು. ಅದಲ್ಲದೆ ಪ್ರತಿ ಮೊಬೈಲ್ ಸೆಟ್ಟಿಗೂ ಹದಿನೈದು ಅಂಕಿಯ ಗುರುತಿನ ಸಂಖ್ಯೆ ಬೇರೆ ಇರುತ್ತದೆ. ಆಗ ಎಲ್ಲರ ಜೇಬಿನಲ್ಲೂ ಕೂಗುತ್ತಿದ್ದ ಚೈನಾ ಸೆಟ್ಟುಗಳಲ್ಲಿ ಆ ಜಾಗದಲ್ಲಿ ಬರೀ ಸೊನ್ನೆ, ಇಲ್ಲವೇ ಸಾವಿರಾರು ಸೆಟ್ಟಿಗೆ ಒಂದೇ ಸಂಖ್ಯೆ. ಅಂಥವೆಲ್ಲ ನವೆಂಬರ್ ತಿಂಗಳ ಕೊನೆಗೆ ಬಂದ್ ಎಂದು ಸರ್ಕಾರ ಹೇಳಿತು. ಮನಸ್ಸಿಗೆ ಬಂದ ಸಂಖ್ಯೆ ಹಾಕುವುದು ಅಪರಾಧ. ಅನುಮತಿ ಇದ್ದ ಅಂಗಡಿಯಲ್ಲಿ ಗುರುತಿನ ಚೀಟಿ ತೋರಿಸಿ, ಸೆಟ್ಟನ್ನು ಕಂಪ್ಯೂಟರಿಗೆ ಜೋಡಿಸಿದರೆ ಅಸಲಿ ಸಂಖ್ಯೆ ಬಂದು ಕೂರುತ್ತಿತ್ತು. ಆ ಅನುಮತಿ ನನಗೆ ಸಿಕ್ಕಿತ್ತು. ಆ ಪುಣ್ಯವನ್ನು ಇವತ್ತಿಗೂ ನೆನೆಯುತ್ತೇನೆ.

ಇಷ್ಟೊಂದು ಸೊನ್ನೆ

ಮೊದಲು ಬಂದವರು ಮೊಳಕಾಲ್ಮೂರಿನಲ್ಲಿ ಸೀರೆ ನೇಯುವ ಮನೆಯ ಹೆಂಗಸು. ಸ್ಟಾರ್, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿ ತೋರಿಸಿದೆ. ಪರದೆಯ ತುಂಬ ಸೊನ್ನೆ ನೋಡಿ ಆಕೆಯ ಮುಖ ಬಾಡಿತು.

“ನಿನ್ನೇನೇ ಕರೆನ್ಸಿ ಹಾಕ್ಸಿದ್ನಲ್ಲಪ್ಪ. ಎಲ್ಲಾ ಹೋಯ್ತಾ?”

“ಇದು ಕರೆನ್ಸಿ ಅಲ್ಲಮ್ಮ, ಸೆಟ್ಟಿನ ಗುರುತು” ಎಂದು ಬಿಡಿಸಿ ಹೇಳಿದೆ. ತಲೆಯಾಡಿಸಿದರು. ಕೆಲಸ ಮುಗಿಸಿ ಮತ್ತೆ ಒತ್ತಿ ತೋರಿಸಿದೆ. ಉದ್ದಕ್ಕೆ ಹದಿನೈದು ಅಂಕಿ. ಆಕೆ ಸುತ್ತ ನೋಡಿ, ಸೆರಗಿನಲ್ಲಿ ಸೆಟ್ ಮುಚ್ಚಿಕೊಂಡು, ಮೆಲ್ಲಗೆ ಅಂದರು:

“ನಮ್ಮೆಜಮಾನ್ರಿಗೆ ಮಾತ್ರ ಹೇಳ್ಬೇಡಪ್ಪ. ಇಷ್ಟು ಕರೆನ್ಸಿ ಐತೆ ಅಂತ ಗೊತ್ತಾದ್ರೆ ದಿನಾ ಅವರ ಅಕ್ಕಂಗೆ ಫೋನ್ ಮಾಡ್ತಾರೆ.”

ಒಂದೇ ಅವ್ವನ ಮಕ್ಕಳು

ಪರಶುರಾಂಪುರದ ಕಡೆಯ ಈರುಳ್ಳಿ ಬೆಳೆಗಾರರೊಬ್ಬರು ಎರಡು ಸೆಟ್ ತಂದು ಮೇಜಿನ ಮೇಲಿಟ್ಟರು. ಒಂದು ಅವರದು, ಇನ್ನೊಂದು ತಮ್ಮನದು.

“ಎರಡಕ್ಕೂ ಒಂದೇ ನಂಬರ್ ಹಾಕ್ಬಿಡಪ್ಪ.”

“ಹಂಗೆ ಹಾಕಂಗಿಲ್ಲ, ಗೌಡ್ರೇ.”

“ಯಾಕೆ? ನಾವೇನು ಬೇರೆಯವ್ರಾ? ಒಂದೇ ಅವ್ವನ ಮಕ್ಳು.”

ಅವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಕೊನೆಗೆ, “ನೋಡ್ರಿ, ಒಂದು ಸೆಟ್ಟಿಂದ ಏನಾದ್ರೂ ಎಡವಟ್ಟು ಆದ್ರೆ ಪೊಲೀಸ್ರು ಇಬ್ಬರ ಮನೆಗೂ ಬರ್ತಾರೆ” ಎಂದೆ.

ಅವರು ಎರಡು ಸೆಟ್ಟನ್ನೂ ದೂರ ದೂರ ಸರಿಸಿಟ್ಟರು.

“ಹಂಗಾದ್ರೆ ಬೇರೆ ಬೇರೆನೇ ಹಾಕಪ್ಪ. ನಮ್ಮವ್ವನ ಮೇಲೆ ನಂಬಿಕೆ ಐತೆ, ತಮ್ಮನ ಮೇಲಿಲ್ಲ.”

ಗಾಯ ಎಲ್ಲಿ?

ಗಡುವಿನ ಕೊನೆಯ ದಿನ ಕುರಿಗಾಹಿಯೊಬ್ಬರು ಬಂದರು. ಜೊತೆಗೆ ಮಂದೆಯೂ ಬಂದಿತ್ತು. ಮೇವು ಹುಡುಕಿಕೊಂಡು ಆಂಧ್ರದ ಗಡಿ ದಾಟಿ ಹೊರಟಿದ್ದರು. ಚೊಚ್ಚಲ ಹೆರಿಗೆಗೆ ಬಂದ ಮಗಳು ಮನೆಯಲ್ಲಿ ಹೆಂಡತಿಯ ಜೊತೆಗಿದ್ದಳು.

“ನೋವು ಶುರುವಾದ್ರೆ ಫೋನ್ ಮಾಡ್ತಾರೆ. ಇದು ಬಂದಾದ್ರೆ ನಂಗೆ ಯಾರು ಹೇಳ್ತಾರೆ, ತಮ್ಮಾ? ಆ ಗಲ್ಲೀಲಿ ಒಬ್ಬ ಎಲ್ಲಾರ್ಗೂ ಒಂದೇ ನಂಬರ್ ಬರೀತಾನಂತೆ. ಅಲ್ಲಿಗೆ ಹೋಗ್ಲಾ?”

“ಬೇಡ ದೊಡ್ಡಪ್ಪ. ಅದು ತಪ್ಪು, ಆಮೇಲೆ ಅದೂ ಬಂದಾಗುತ್ತೆ” ಎಂದೆ.

ಅವರು ನಕ್ಕರು. “ಅಂದ್ರೆ ಎಲ್ಲಾರ ಕುರಿಗೂ ಒಂದೇ ಕಿವಿಗುರುತು ಕೊಯ್ದಂಗೆ. ಯಾವ ಕುರಿ ಯಾರ್ದು ಅಂತ ಹೆಂಗೆ ಗೊತ್ತಾಗ್ಬೇಕು? ಬೇಡ ಬಿಡು, ನೀನೇ ಕೊಯ್ಯಿ.”

ಸೆಟ್ ಜೋಡಿಸಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಇಬ್ಬರೂ ಆರಿದ ಬಲ್ಬನ್ನೇ ನೋಡುತ್ತ ಕೂತೆವು. ಅವರು ಬಾಯಲ್ಲಿ ಮಾರಮ್ಮನನ್ನು ಕರೆಯುತ್ತಿದ್ದರು, ನಾನು ಮನಸ್ಸಿನಲ್ಲಿ. ಹೊರಗೆ ಒಂದು ಕುರಿ, ನಾನು ಬಾಗಿಲಿಗೆ ಅಂಟಿಸಿದ್ದ ‘ಅನುಮತಿ ಪಡೆದ ಕೇಂದ್ರ’ ಎಂಬ ಕಾಗದವನ್ನು ನೆಮ್ಮದಿಯಾಗಿ ಮೇಯುತ್ತಿತ್ತು. ಅದು ‘ಕೇಂದ್ರ’ಕ್ಕೆ ಬರುವ ಹೊತ್ತಿಗೆ ಕರೆಂಟ್ ಬಂತು, ಸಂಖ್ಯೆಯೂ ಕೂತಿತು. ಹದಿನೈದು ಅಂಕಿಯನ್ನೂ ಅವರಿಗೆ ಎಣಿಸಿ ತೋರಿಸಿದೆ.

ಅವರು ಸೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಎಲ್ಲಿ ಕೊಯ್ದಿ, ತಮ್ಮಾ? ಗಾಯನೇ ಕಾಣ್ವಲ್ದು.”

ಎರಡೇ ಅಂಕಿ

ಕೆಲವು ದಿನ ಕಳೆದ ಮೇಲೆ ಆ ಕುರಿಗಾಹಿಯದೇ ಫೋನ್ ಬಂತು. ಮೊಳಕಾಲ್ಮೂರಿನ ಆಸ್ಪತ್ರೆಯಿಂದ ಮಾತಾಡುತ್ತಿದ್ದರು.

“ತಮ್ಮಾ, ಗಡಿಯಾಚೆ ಹೊಲದಾಗಿದ್ದೆ, ನೀನು ಕೊಯ್ದ ಫೋನ್ ಕೂಗ್ತು. ಮಂದೇನ ಜೊತೇಲಿದ್ದ ಅಣ್ಣಂಗೆ ಒಪ್ಸಿ ಬಸ್ ಹತ್ತಿ ಬಂದೆ. ಕಷ್ಟದ ಹೆರಿಗೆ. ಅಪ್ಪ ಬಂದ ಮ್ಯಾಲೇನೇ ಅವಳಿಗೆ ಧೈರ್ಯ ಬಂದಿದ್ದಂತೆ. ಇಬ್ರೂ ಚೆನ್ನಾಗವ್ರೆ. ಹೆಣ್ಣು ಕೂಸು. ನಿನ್ನ ಹೊಟ್ಟೆ ತಣ್ಣಗಿರ್ಲಪ್ಪ.”

ನನ್ನ ಕಣ್ಣು ತುಂಬಿ ಬಂತು. ಒಂದು ತಂತಿ ಜೋಡಿಸಿದ್ದಕ್ಕೆ ಇಷ್ಟು ದೊಡ್ಡ ಹಾರೈಕೆ ನನಗೆ ಮತ್ತೆ ಸಿಕ್ಕಿಲ್ಲ. “ದೇವರು ದೊಡ್ಡವನು, ದೊಡ್ಡಪ್ಪ” ಎಂದಷ್ಟೇ ಹೇಳಿದೆ.

“ದೊಡ್ಡವ್ನು, ದೊಡ್ಡವ್ನು” ಎಂದವರು ದನಿ ತಗ್ಗಿಸಿದರು. “ಆದ್ರೆ ಒಂದು ಅನುಮಾನ ಐತೆ. ನರ್ಸಮ್ಮ ಕೂಸಿನ ಕೈಗೆ ನಂಬರ್ ಪಟ್ಟಿ ಕಟ್ಟವ್ಳೆ. ಎಣಿಸಿ ನೋಡ್ದೆ, ಎರಡೇ ಅಂಕಿ ಐತೆ. ತಿಂಗಳ ಕೊನೆಗೆ ಏನೂ ತೊಂದ್ರೆ ಇಲ್ಲ ತಾನೆ?”